ಮೇ ತಿಂಗಳಿಗೆ ದೆವ್ವ, ಡಿಸೆಂಬರಿಗೆ ರಜೆ

ನನ್ನ ಸೋದರತ್ತೆಯಷ್ಟು ದೆವ್ವಗಳನ್ನು ಸಾಕಿದ ಹೆಂಗಸು ವಿಶಾಖಪಟ್ಟಣದಲ್ಲಿ ಇನ್ನೊಬ್ಬರಿರಲಿಲ್ಲ. ಅವುಗಳನ್ನು ಊರಿನಿಂದ ತರಿಸಿದರು, ರಟ್ಟು ಹಾಕಿದರು, ನಂಬರು ಕೊಟ್ಟರು, ಜಿರಲೆ ಮುಟ್ಟದಂತೆ ನುಸಿಗುಳಿಗೆ ಇಟ್ಟರು. ಪ್ರತಿ ವರ್ಷ ಏಪ್ರಿಲ್ ಕೊನೆಯ ವಾರದಲ್ಲಿ ಸಭ್ಯ ಕುಟುಂಬಗಳಿಗೆ ಹಂಚುತ್ತಿದ್ದರು. ಜೂನ್ ಬಂತೆಂದರೆ ಒಂದೂ ತಪ್ಪದಂತೆ ವಾಪಸು ಕರೆಸಿಕೊಳ್ಳುತ್ತಿದ್ದರು. ಮಳೆ ಶುರುವಾದ ಮೇಲೂ ದೆವ್ವವನ್ನು ಮನೆಯಲ್ಲಿಟ್ಟುಕೊಂಡವರಿಗೆ ಅತ್ತೆಯ ಮನೆಯಲ್ಲಿ ಚಹಾ ಸಿಗುತ್ತಿರಲಿಲ್ಲ!

ಗಾಬರಿಯಾಗಬೇಡಿ, ನಾನು ಹೇಳುತ್ತಿರುವುದು ಕಾದಂಬರಿಗಳ ಮಾತು. ಹಾವೇರಿ ಕಡೆಯವರಾದ ಅತ್ತೆ ದೂರವಾಣಿ ಇಲಾಖೆಯ ನೌಕರಿಗೆಂದು ವಿಜಯವಾಡಕ್ಕೆ ಬಂದವರು. ಮದುವೆಯ ಮಾತೆತ್ತಿದವರನ್ನೆಲ್ಲ ನಗುನಗುತ್ತಲೇ ಸಾಗಹಾಕಿ, ಕೊನೆಯ ಕೆಲವು ವರ್ಷ ವಿಶಾಖಪಟ್ಟಣದಲ್ಲಿ ದುಡಿದು, ನಿವೃತ್ತರಾಗಿ, ಎಂವಿಪಿ ಕಾಲೋನಿಯ ಮೂರನೆಯ ಮಹಡಿಯ ಮನೆಯೊಂದರಲ್ಲಿ ನೆಲೆಸಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಚ್ಯುತಾಪುರಂ ಕಡೆಯ ಗುತ್ತಿಗೆ ಕಾರ್ಮಿಕರ ನಡುವೆ ಕೆಲಸ ಮಾಡುತ್ತಿದ್ದ ಸಣ್ಣ ಸಂಘಟನೆಯೊಂದಕ್ಕೆ ಸೇರಿದ್ದ ನಾನು ಅವರ ಮನೆಯಲ್ಲೇ ಉಳಿದುಕೊಂಡಿದ್ದೆ. ದ್ವಾರಕಾ ನಗರದಲ್ಲಿ ಬ್ಯಾಂಕೊಂದರ ಮೇಲಿನ ಕೋಣೆಯಲ್ಲಿ ಕನ್ನಡಿಗರ ಸಂಘವಿತ್ತು. ಅಲ್ಲೊಂದು ಕಬ್ಬಿಣದ ಅಲಮಾರ. ಅಲಮಾರ ಸಂಘದ್ದು, ಪುಸ್ತಕಗಳು ಅತ್ತೆಯವು, ಬೀಗದಕೈ ಅತ್ತೆಯ ಸೊಂಟದಲ್ಲಿ.

ಆ ಅಲಮಾರದಿಂದ ವರ್ಷಕ್ಕೆ ಎರಡು ಪಟ್ಟಿಗಳು ಹೊರಡುತ್ತಿದ್ದವು. ಬೇಸಿಗೆಗೆ ಹೊಸ ದೆವ್ವದ ಕಾದಂಬರಿಗಳು. ಡಿಸೆಂಬರಿನಿಂದ ಸಂಕ್ರಾಂತಿಯವರೆಗೆ ರಜೆಯ ಕಾದಂಬರಿಗಳು, ಎಂದರೆ ಒಂದು ಕುಟುಂಬ ಬೆಟ್ಟಕ್ಕೋ ಸಮುದ್ರಕ್ಕೋ ಹೋಗಿ, ಜಗಳಾಡಿ, ರಾಜಿಯಾಗಿ ಮರಳುವಂಥವು. ಕಂಪ್ಯೂಟರು ಎಲ್ಲ ಮನೆಗಳಿಗೂ ಬರುತ್ತಿದ್ದ ಕಾಲದಲ್ಲಿ ಅತ್ತೆ ಕಾರ್ಬನ್ ಹಾಳೆ ಇಟ್ಟು, ಪೆನ್ನನ್ನು ಒತ್ತಿ ಒತ್ತಿ ಬರೆಯುತ್ತಿದ್ದರು. ಪ್ರತಿ ಪುಸ್ತಕದ ಮುಂದೆ ಸೂಚನೆ: 'ಮಧ್ಯಾಹ್ನ ಊಟವಾದ ಮೇಲೆ, ಇಪ್ಪತ್ತು ಪುಟ.' 'ರಕ್ತದೊತ್ತಡ ಇದ್ದವರು ಒಂಬತ್ತನೇ ಅಧ್ಯಾಯ ಬಿಡುವುದು.' 'ಅತ್ತೆಯ ಜೊತೆ ಇರುವ ಸೊಸೆಯಂದಿರು ಬಚ್ಚಿಟ್ಟು ಓದುವುದು.'

ಸೆಕೆಗೆ ದೆವ್ವದ ಕಥೆ ಎಂಬ ಈ ಚಿಕಿತ್ಸೆ ಹುಟ್ಟಿದ್ದು ವಿಜಯವಾಡದಲ್ಲಿ. ಅಲ್ಲಿನ ಮೇ ತಿಂಗಳನ್ನು ಕಂಡವರಿಗೆ ನಾನು ವಿವರಿಸಬೇಕಿಲ್ಲ. ಕಾಣದವರಿಗೆ ವಿವರಿಸಿ ಪ್ರಯೋಜನವಿಲ್ಲ. ಕರೆಂಟು ಹೋದ ಒಂದು ಮಧ್ಯಾಹ್ನ, ಪಕ್ಕದ ಕ್ವಾರ್ಟರ್ಸಿನಾಕೆ ಸೆಕೆಗೆ ನೆಲದ ಮೇಲೆ ಹೊರಳಾಡುತ್ತಿದ್ದಾಗ, ಅತ್ತೆ ಅವಳಿಗೆ ತಾವು ಓದಿದ ದೆವ್ವದ ಕಥೆಯೊಂದನ್ನು ತೆಲುಗಿನಲ್ಲಿ ಹೇಳಿದರಂತೆ. ಮೂರನೆಯ ದಿನ ಅವಳ ಗಂಡ ಬಾಗಿಲಿಗೆ ಬಂದ.

"ಏಮಮ್ಮಾ, ಮಾ ಆವಿಡಕಿ ಏಂ ಚೆಪ್ಪಾರು?" ನನ್ನ ಹೆಂಡತಿಗೆ ಏನು ಹೇಳಿದಿರಿ ಎಂದು ಅವನ ದೂರು. ಮೂರು ದಿನದಿಂದ ಅವಳು ಅಡುಗೆಮನೆಗೆ ಕಾಲಿಟ್ಟಿಲ್ಲ, ಊಟವೆಲ್ಲ ಹೋಟೆಲಿನದು!

"ಅದಿರಲಿ, ಆಕಿಗೆ ಈಗ ಸೆಕಿ ಹ್ಯಾಂಗ ಅದ?" ಎಂದು ಅತ್ತೆ ಕೇಳಿದರಂತೆ.

ಅವನು ಯೋಚಿಸಿ, ತಗ್ಗಿದ ದನಿಯಲ್ಲಿ ಒಪ್ಪಿಕೊಂಡನಂತೆ: "ದುಪ್ಪಟಿ ಹೊದ್ದು ಮಲಗಿದ್ದಾಳೆ."

ಔಷಧಿ ನಾಟಿತು! ಹೆಂಗಸೊಬ್ಬಳಿಗೆ ಒಲೆಯ ಮುಂದಿನಿಂದ ಮೂರು ದಿನದ ಬಿಡುವೂ ಸಿಕ್ಕಿತು. ಮೇ ತಿಂಗಳಲ್ಲಿ ಅಡುಗೆಮನೆಯ ಬೆಂಕಿಯ ಮುಂದೆ ಯಾರು ನಿಲ್ಲಬೇಕು ಎಂಬುದನ್ನು ಪ್ರಶ್ನಿಸದ ಸಮಾಜದಲ್ಲಿ ಆ ಬಿಡುವನ್ನು ಕೊಡಿಸಲು ಒಂದು ದೆವ್ವವೇ ಬರಬೇಕಾಯಿತು ಎಂಬುದನ್ನು ದಯವಿಟ್ಟು ಗಮನಿಸಿ.

ವಿಶಾಖಪಟ್ಟಣದಲ್ಲಿ ಈ ಚಿಕಿತ್ಸೆ ಶಾಸ್ತ್ರವಾಗಿ ಬೆಳೆಯಿತು. ಸಾರ್ವಜನಿಕ ವಲಯದ ಕಾರ್ಖಾನೆಗಳ ಎಂಜಿನಿಯರುಗಳು, ಆಸ್ಪತ್ರೆಗಳಿಗೂ ಔಷಧ ಕಂಪನಿಗಳಿಗೂ ಹೊಸದಾಗಿ ಬಂದ ಹುಡುಗ ಹುಡುಗಿಯರು ಭಾನುವಾರ ಬೆಳಿಗ್ಗೆ ಅಲಮಾರದ ಮುಂದೆ ಸಾಲುಗಟ್ಟುತ್ತಿದ್ದರು. ಅತ್ತೆ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದ ಮೊದಲ ಪ್ರಶ್ನೆ:

"ಮನ್ಯಾಗ ಏಸಿ ಅದ ಏನ್ರಿ?"

"ಇದೆ ಮೇಡಂ, ಬೆಡ್‌ರೂಮಲ್ಲಿ ಒಂದು…"

"ಹಂಗಾದ್ರ ನಿಮಗ ದೆವ್ವ ಸಿಗೂದಿಲ್ಲ. ಏಸಿ ಇಲ್ದವರಿಗೆ ಮೊದಲು. ಉಳದ್ರ ಜೂನ್‌ದಾಗ ನೋಡೂಣು."

"ಜೂನಲ್ಲಿ ವಾಪಸ್ ತಗೋತೀರಲ್ಲ ಮೇಡಂ!"

"ಹೌದಲ್ಲ?" ಎನ್ನುತ್ತಿದ್ದರು ಅತ್ತೆ, ಈಗಷ್ಟೇ ಹೊಳೆದವರಂತೆ.

ಡಿಸೆಂಬರಿನ ಪ್ರಶ್ನೆ ಬೇರೆ: "ಈ ವರ್ಷ ಎಲ್‌ಟಿಸಿ ತಗೊಂಡೀರೇನ್ರಿ?" ಸರಕಾರದ ಖರ್ಚಿನಲ್ಲಿ ಕುಟುಂಬಸಮೇತ ಪ್ರವಾಸ ಮುಗಿಸಿ ಬಂದವರಿಗೆ ರಜೆಯ ಕಾದಂಬರಿ ಇಲ್ಲ! ಪ್ರವಾಸದ ಫೋಟೋ ಆಲ್ಬಂ ಹಿಡಿದು ಬಂದ ಎಂಜಿನಿಯರೊಬ್ಬರಿಗೆ, "ನೀವ ನೋಡಿ ಬಂದೀರಿ, ನೋಡಲಾರದವರು ಓದ್ಲಿ," ಎಂದು ಹೇಳಿ ಅವರ ಮನೆಗೆಲಸದ ಹೆಂಗಸಿನ ಮಗಳಿಗೆ ಪುಸ್ತಕ ಕೊಟ್ಟರು. ಕನ್ನಡ ಬಾರದ ಆ ಹುಡುಗಿಗೆ ಅದನ್ನು ತಾವೇ ತೆಲುಗಿನಲ್ಲಿ ಹೇಳಿದರು ಕೂಡ. ಸಂಪನ್ಮೂಲಗಳ ನ್ಯಾಯಯುತ ಹಂಚಿಕೆಯ ಬಗ್ಗೆ ನಾನು ಎಷ್ಟೋ ಸಭೆಗಳಲ್ಲಿ ಭಾಷಣ ಮಾಡಿದ್ದೇನೆ. ಜಾರಿಗೆ ತಂದವರನ್ನು ಕಂಡದ್ದು ಆ ಅಲಮಾರದ ಮುಂದೆ ಮಾತ್ರ.

ಆದರೂ ಆ ಪುಸ್ತಕಗಳು ನನಗೆ ಸಹ್ಯವಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಹದಿನಾಲ್ಕನ್ನು ಓದಿ, ಅವುಗಳ ಅಪರಾಧಗಳನ್ನು ನಾಲ್ಕು ಪುಟಗಳಲ್ಲಿ ಬರೆದೆ. ದೆವ್ವ ಯಾವಾಗಲೂ ಹೆಣ್ಣೇ ಏಕೆ? ಮೊದಲು ಸಾಯುವವನು ಮಾಲಿಯೋ ಕಾವಲುಗಾರನೋ ಏಕೆ, ಬಂಗಲೆಯ ಒಡೆಯನೇಕಲ್ಲ? ವಿಧವೆಯ ಬಿಳಿಸೀರೆಯೇ ಭಯದ ಸಮವಸ್ತ್ರವಾದದ್ದು ಯಾರ ಅಪ್ಪಣೆಯಿಂದ? ರಜೆಯ ಕಾದಂಬರಿಗಳನ್ನೂ ನಾನು ಬಿಡಲಿಲ್ಲ. ಬೆಟ್ಟಕ್ಕೆ ಹೋದರೂ ಚಪಾತಿ ಕಟ್ಟಿಕೊಂಡು ಹೊರಡುವವಳು ಹೆಂಡತಿಯೇ. ಅಲ್ಲಿನ ಹೋಟೆಲಿನ ಹಾಸಿಗೆಯ ಬಟ್ಟೆ ತೊಳೆದವಳಿಗೆ ಇನ್ನೂರು ಪುಟಗಳಲ್ಲಿ ಒಂದು ಹೆಸರೂ ಇಲ್ಲ!

ಅತ್ತೆ ನನ್ನ ನಾಲ್ಕು ಪುಟಗಳನ್ನು ಎರಡು ಸಲ ಓದಿದರು. ಸಿಟ್ಟಾಗುತ್ತಾರೆಂದುಕೊಂಡಿದ್ದೆ.

"ಬರೋಬ್ಬರಿ ಬರದೀಯವ್ವಾ," ಎಂದರು. "ಅಂಟು ಎಲ್ಲೈತಿ?"

ಮರುದಿನದೊಳಗೆ ಪ್ರತಿ ಪುಸ್ತಕದ ಒಳರಟ್ಟಿಗೆ ಒಂದು ಉದ್ದನೆಯ ಚೀಟಿ ಅಂಟಿತ್ತು. ನನ್ನ ಆಕ್ಷೇಪಣೆಗಳು, ಅತ್ತೆಯ ಅಕ್ಷರದಲ್ಲಿ: 'ಇದರಲ್ಲಿ ಮಾಲಿ ವಿನಾಕಾರಣ ಸಾಯುತ್ತಾನೆ. ಓದುವವರು ಅಲ್ಲಿ ಒಂದು ನಿಮಿಷ ನಿಲ್ಲತಕ್ಕದ್ದು.' 'ಇದರಲ್ಲಿ ನಾಯಕಿ ಕುಟುಂಬದ ಏಳು ಜನರ ಬಟ್ಟೆ ಮಡಚುತ್ತಾಳೆ. ಅದನ್ನು ರಜೆ ಎಂದು ಕರೆಯಲಾಗಿದೆ.' ಕೆಳಗೆ ಗೆರೆ ಹಾಕಿದ ಖಾಲಿ ಜಾಗ, 'ಓದುಗರು ಕಂಡ ಇತರ ತಪ್ಪುಗಳು.'

ಪುಸ್ತಕಗಳ ಬೇಡಿಕೆ ಇಮ್ಮಡಿಯಾಯಿತು. ನನ್ನ ಯಾವ ಕರಪತ್ರಕ್ಕೂ ದೊರೆಯದ ಜನಪ್ರಿಯತೆ!

ಖಾಲಿ ಗೆರೆಗಳು ತುಂಬತೊಡಗಿದ್ದು ನಿಧಾನವಾಗಿ. ಮೊದಮೊದಲು ಸಂಕೋಚದ ಸಾಲುಗಳು: 'ಈ ಸೊಸೆಗೆ ಇಷ್ಟು ತಾಳ್ಮೆ ಹೇಗೆ?' 'ಪುಟ ಎಂಬತ್ತರಲ್ಲಿ ಗಂಡ ಹೊಡೆದದ್ದನ್ನು ಲೇಖಕರು ಮರೆತಿದ್ದಾರೆ, ನಾನು ಮರೆತಿಲ್ಲ.' ಎಲ್ಲವೂ ಹೆಂಗಸರ ಕೈಬರಹ, ಯಾವುದಕ್ಕೂ ಸಹಿ ಇಲ್ಲ. ಮುಚ್ಚಿದ ಕೋಣೆಯಲ್ಲಿ ಸತ್ತ ಸೊಸೆಯೊಬ್ಬಳು ಕದ ಬಡಿಯುವ ಕಾದಂಬರಿಯೊಂದಿತ್ತು. ಅದರ ಚೀಟಿಯಲ್ಲಿ ಒಂದು ದಿನ ಹೀಗೆ ಬರೆದಿತ್ತು:

'ಈಕೆ ಸತ್ತ ಮೇಲೆ ಬಡಿದಳು. ನಾನು ಬದುಕಿದ್ದಾಗಲೇ ಬಡಿದೆ. ಯಾರೂ ತೆಗೆಯಲಿಲ್ಲ. ನಮ್ಮ ಮನೆಯವರು ಸಂಘದಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಾರೆ.'

ಸುದ್ದಿ ಹಬ್ಬಿತು. ಮುಂದಿನ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನ ಕುರ್ಚಿಗಳಷ್ಟೂ ಖಾಲಿ! ಸಂಘದ ಗಣ್ಯರೆಲ್ಲ ಎರಡನೆಯ ಸಾಲಿನಲ್ಲಿ ಒತ್ತಿಕೊಂಡು ಕುಳಿತಿದ್ದರು. ಹಾಡಲು ಬಂದ ಅತಿಥಿ ಗಾಯಕರು, "ಯಾರಾದರೂ ದೊಡ್ಡವರು ಬರುವುದಿದೆಯೆ?" ಎಂದು ಕೇಳಿದರು.

ಆ ತಿಂಗಳೇ ಸರ್ವಸದಸ್ಯರ ಸಭೆ ಕರೆದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಹಿಂಭಾಗದಲ್ಲಿ ಹೆಂಗಸರು ಉಪ್ಪಿಟ್ಟಿನ ಪಾತ್ರೆಗಳೊಂದಿಗೆ ನಿಂತಿದ್ದರು. ಅತ್ತೆ ಕೆಂಪು ರಟ್ಟಿನ ರಿಜಿಸ್ಟರನ್ನು ಎದೆಗವಚಿಕೊಂಡು ಅಲಮಾರದ ಪಕ್ಕ ಕುಳಿತರು. ಯಾವ ದಿನ ಯಾವ ಪುಸ್ತಕ ಹೋಯಿತು, ಯಾವ ದಿನ ಬಂತು ಎಂಬುದನ್ನು ಅವರು ಬರೆದಿಡುತ್ತಿದ್ದ ರಿಜಿಸ್ಟರು ಅದು.

ಅಧ್ಯಕ್ಷರು ಮೈಸೂರು ಕಡೆಯ ನಿವೃತ್ತ ಎಂಜಿನಿಯರು, ಮೃದುಭಾಷಿ. "ನೋಡಿ ಮೇಡಂ, ರಜೆ ಕಾದಂಬರಿಗಳಿಗೆ ನಮ್ಮ ಅಭ್ಯಂತರ ಇಲ್ಲ. ದೆವ್ವ ಗಿವ್ವ ನಮ್ಮ ಸಂಸ್ಕೃತಿ ಅಲ್ಲ."

"ಹೌದೇನ್ರಿ? ಸೊಸೀನ್ನ ಕೋಣ್ಯಾಗ ಹಾಕಿ ಕೊಲ್ಲೂದು ಯಾರ ಸಂಸ್ಕೃತಿರಿ? ದೆವ್ವ ಸುಮ್ನ ಹುಟ್ಟೂದಿಲ್ರಿ ಸರ. ಹುಟ್ಟಬೇಕಂದ್ರ ಮೊದಲ ಯಾರರೆ ಕೊಲ್ಲಬೇಕು."

"ಅದೆಲ್ಲ ಕಥೆ ಮೇಡಂ."

"ಕಥಿ ಅಂದಮ್ಯಾಲೆ ಅಂಜಿಕಿ ಯಾಕ್ರಿ? ಮುಂದ ಬಂದು ಕೂಡ್ರಿ, ಕುರ್ಚಿ ಖಾಲಿ ಅದಾವ."

ಹಿಂಭಾಗದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಮೃದುತ್ವ ಅಲ್ಲಿಗೆ ಮುಗಿಯಿತು. ಪುಸ್ತಕಗಳೂ ಇರಲಿ, ಬೀಗದಕೈಯೂ ನಿಮ್ಮಲ್ಲೇ ಇರಲಿ. ಆ ಪುಸ್ತಕ ಯಾರ ಮನೆಗೆ ಹೋಗಿತ್ತು ಎಂಬುದನ್ನು ಮಾತ್ರ ರಿಜಿಸ್ಟರಿನಲ್ಲಿ ತೋರಿಸಿಬಿಡಿ ಎಂದರು. ಸಂಘದ ಗೌರವದ ಪ್ರಶ್ನೆಯಂತೆ! ಕದ ತೆಗೆಯದವನ ಗೌರವ, ಬಡಿದವಳದ್ದಲ್ಲ.

"ತೋರ್ಸಂಗಿಲ್ಲ," ಎಂದರು ಅತ್ತೆ.

"ತೋರಿಸದಿದ್ದರೆ ಅಲಮಾರ ಖಾಲಿ ಮಾಡಬೇಕಾಗುತ್ತೆ."

"ತೋರ್ಸಂಗಿಲ್ರಿ."

ಮತಕ್ಕೆ ಹಾಕಿದರು. ಇಲ್ಲಿ ನಾನೊಂದು ಅನ್ಯಾಯವನ್ನು ದಾಖಲಿಸಲೇಬೇಕು. ಸಂಘದ ನಿಯಮದಂತೆ ಕುಟುಂಬಕ್ಕೊಂದೇ ಮತ, ಅದು ಯಜಮಾನರದು. ಆ ಪುಸ್ತಕಗಳನ್ನು ಓದಿದ, ಆ ಗೆರೆಗಳನ್ನು ತುಂಬಿದ ಒಬ್ಬ ಹೆಂಗಸಿಗೂ ಅಲ್ಲಿ ಕೈ ಎತ್ತುವ ಹಕ್ಕಿರಲಿಲ್ಲ. ಅತ್ತೆ ಮಾತ್ರ ಸದಸ್ಯತ್ವದ ಅರ್ಜಿಯ 'ಯಜಮಾನರ ಹೆಸರು' ಎಂಬಲ್ಲಿ ತಮ್ಮದೇ ಹೆಸರು ಬರೆದು ಬಹಳ ಹಿಂದೆಯೇ ಸಂಘವನ್ನು ಬೆಚ್ಚಿಬೀಳಿಸಿದ್ದರು. ನಾನು ಅವರ ಕುಟುಂಬವಾದ್ದರಿಂದ ನನಗೂ ಮತವಿಲ್ಲ. ಹಿಂದಿನಿಂದ ಒಬ್ಬಾಕೆ ಸೌಟು ಹಿಡಿದ ಕೈಯನ್ನೇ ಎತ್ತಿದರು.

"ಕೈ ಇಳಿಸಿ ಅಮ್ಮ, ನಿಮ್ಮದು ಯಜಮಾನರ ಜೊತೆ ಬಂದಾಯ್ತು," ಎಂದರು ಅಧ್ಯಕ್ಷರು.

ಅತ್ತೆಯ ಪರವಾಗಿ ಬಿದ್ದದ್ದು ಒಂದೇ ಮತ, ಅವರದೇ. ಬೀಗದಕೈಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟು, "ಅಲಮಾರ ನಿಮ್ದು, ಪುಸ್ತಕ ನಂದು," ಎಂದು ಹೇಳಿ ಅವರು ಒಂದೊಂದಾಗಿ ಪುಸ್ತಕಗಳನ್ನು ತೆಗೆಯತೊಡಗಿದರು.

ಆಗ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸೌಟಿನ ಆ ಹೆಂಗಸು ಉಪ್ಪಿಟ್ಟಿನ ಪಾತ್ರೆಗೆ ಮುಚ್ಚಳ ಹಾಕಿದರು. ಇನ್ನೊಬ್ಬರು ತಟ್ಟೆಗಳನ್ನು ಚೀಲಕ್ಕೆ ಹಿಂತಿರುಗಿಸಿದರು. ಆಮೇಲೆ ಎಲ್ಲರೂ ಬಂದು ಸೆರಗು ಸಿಕ್ಕಿಸಿಕೊಂಡು, ದೆವ್ವಗಳನ್ನೂ ರಜೆಗಳನ್ನೂ ತೋಳ ತುಂಬ ಹೊತ್ತು, ಬ್ಯಾಂಕಿನ ಪಕ್ಕದ ಕಿರಿದಾದ ಮೆಟ್ಟಿಲುಗಳನ್ನು ಇಳಿಯತೊಡಗಿದರು. ಎರಡನೆಯ ಸಾಲಿನ ಯಜಮಾನರುಗಳು ಉಪ್ಪಿಟ್ಟು ಬರುತ್ತದೆಂದು ಇನ್ನೂ ಕಾಯುತ್ತಲೇ ಇದ್ದರು!

ಪುಸ್ತಕಗಳ ಗಂಟುಗಳನ್ನು ಎರಡು ಆಟೋಗಳಿಗೆ ತುಂಬಿದೆವು. ಒಂದರಲ್ಲಿ ನಾವಿಬ್ಬರೂ ಹೇಗೋ ನುಸುಳಿ ಕುಳಿತೆವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಮ್ಮನಿರಲಾಗದೆ ಅತ್ತೆಯ ತೊಡೆಯ ಮೇಲಿದ್ದ ರಿಜಿಸ್ಟರನ್ನು ತೆಗೆದು ಬಿಡಿಸಿದೆ. ಪುಸ್ತಕದ ನಂಬರು, ಹೋದ ತಾರೀಕು, ಬಂದ ತಾರೀಕು. ಹೆಸರಿನ ಅಂಕಣ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಳಿಯಾಗಿತ್ತು.

"ಅತ್ತೀ! ಇದರಾಗ ಒಂದ ಹೆಸರೂ ಇಲ್ಲ! ತೋರಿಸಿಬಿಟ್ಟಿದ್ರ ಮುಗೀತಿತ್ತಲ್ಲ, ಅಲಮಾರ ಉಳೀತಿತ್ತಲ್ಲ!"

"ತೋರಿಸಿದ್ರ, ಇನ್ನಮ್ಯಾಲೆ ಹೆಸರು ಬರೀರಿ ಅಂತಿದ್ರು. ಆಮ್ಯಾಲೆ ಆಕಿ ಎಲ್ಲೆ ಬರೀತಿದ್ಲು?"

"ಆಕಿ ಯಾರಂತ ನಿಮಗ ಗೊತ್ತೇನು?"

"ಗೊತ್ತದ. ನಿನಗ ಹೇಳಂಗಿಲ್ಲ."

ಆಟೋ ಸಿಗ್ನಲಿನಲ್ಲಿ ನಿಂತಿತು. ಅತ್ತೆ ಹೊರಗೆ ನೋಡುತ್ತಿದ್ದರು. ಮತ್ತೆ ಮಾತಾಡಿದಾಗ ಅವರ ದನಿ ನನಗೆ ಪರಿಚಯದ್ದಾಗಿರಲಿಲ್ಲ.

"ವಿಜಯವಾಡದಾಗ ನಾ ಊರಿಂದ ಊರಿಗೆ ಲೈನ್ ಕೂಡಸೂ ಟ್ರಂಕ್ ಕಾಲ್ ಬೋರ್ಡಿನ ಮ್ಯಾಲಿದ್ದೆ. ಹೆಣ್ಮಕ್ಕಳು ತವರಿಗೆ ಕಾಲ್ ಬುಕ್ ಮಾಡಿ, ಇಡೀ ದಿನ ಪೋಸ್ಟಾಫೀಸಿನ ಬೆಂಚಿನ ಮ್ಯಾಲೆ ಕಾಯ್ತಿದ್ರು. ಲೈನ್ ಸಿಕ್ಕಮ್ಯಾಲೆ ಒಬ್ಬೊಬ್ಬರಿಗೆ ಮಾತ ಬರ್ತಿದ್ದಿಲ್ಲ. ಬರೇ ಅಳ್ತಿದ್ರು. ಆ ಕಡೆ ಅವ್ವ 'ಏನಾತು, ಏನಾತು' ಅಂತಿದ್ಲು. ಇನ್ನೇನ ಹೇಳ್ಬೇಕು ಅನ್ನೂದ್ರಾಗ ಮೂರು ನಿಮಿಷ ಆಗ್ತಿತ್ತು. ಮೂರು ನಿಮಿಷಕ್ಕ, ಮಾತು ಮುಗೀಲಿ ಬಿಡ್ಲಿ, ಲೈನ್ ತಗೀಬೇಕು. ಅದು ನನ್ನ ಡ್ಯೂಟಿ."

ಹಸಿರು ದೀಪ ಬಂತು. ಆಟೋ ಕುಲುಕಿ ಹೊರಟಿತು.

"ತಗದೆ," ಎಂದರು ಅತ್ತೆ. "ಎಷ್ಟೋ ಮಂದೀದು ತಗದೆ."

ಅವರ ಮೇಲೆ ವಾಲಿದ್ದ ಗಂಟನ್ನು ನನ್ನ ಕಡೆಗೆ ಎಳೆದುಕೊಂಡು, ಅವರಿಗೆ ಕಾಲು ಚಾಚಲು ಅಷ್ಟು ಜಾಗ ಮಾಡಿಕೊಟ್ಟೆ.