ಭಾವನ ಮರ್ಯಾದೆಯೂ ಹ್ಯೂಸ್ಟನ್ನಿನ ಕೆಲಸವೂ

ಇಡೀ ಟೆಕ್ಸಾಸಿನಲ್ಲಿ ನಮ್ಮ ಭಾವನಷ್ಟು ಮರ್ಯಾದಸ್ಥರು ಇನ್ನೊಬ್ಬರಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದೇನೆ ಅಂದುಕೊಂಡಿರಾ? ಅವರ ಮರ್ಯಾದೆಯ ದೆಸೆಯಿಂದ ನಾನು ತಲೆಯೆತ್ತಿ ಓಡಾಡುವುದನ್ನೇ ಬಿಟ್ಟಿದ್ದೇನೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಹುಟ್ಟಿದ್ದು ಮೈಸೂರು, ಈಗ ಮನೆ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್. ಯಾರು ಏನು ಕೊಟ್ಟರೂ ಮೊದಲು ‘ಬೇಡ’ ಅನ್ನುವುದು ಅವರ ಪದ್ಧತಿ. ಒತ್ತಾಯ ಮಾಡಿದರೆ ‘ಅಯ್ಯೋ, ಈಗ ತಾನೇ ಆಯ್ತು’ ಅನ್ನುತ್ತಾರೆ. ಇನ್ನೂ ಒತ್ತಾಯ ಮಾಡಿದರೆ, ನಮ್ಮ ಮೇಲೆ ಕನಿಕರಪಟ್ಟವರಂತೆ, ‘ಅರ್ಧ ಲೋಟ ಸಾಕು’ ಎಂದು ಕಾಫಿಗೆ ಕೈ ಚಾಚುತ್ತಾರೆ. ನಿಜವಾಗಿ ಅರ್ಧವೇ ಲೋಟ ಕೊಟ್ಟು ನೋಡಿ, ಆಮೇಲೆ ಅವರ ಮುಖ ನೋಡಿ. ನಾವೆಲ್ಲ ಹೀಗೆಯೇ ಬೆಳೆದವರು, ಒಪ್ಪಿದೆ. ಆದರೆ ಇಲ್ಲಿಗೆ ಬಂದು ನಾಲ್ಕು ದಿನ ಹಸಿದ ಮೇಲೆ ನಾವು ಸುಧಾರಿಸಿದೆವು. ಭಾವ ಸುಧಾರಿಸಲಿಲ್ಲ.

ಅವರ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಒಮ್ಮೆ ನಮ್ಮನ್ನೆಲ್ಲ ಊಟಕ್ಕೆ ಕರೆದು, ಭಾವ ಸಸ್ಯಾಹಾರಿ ಅಂತ ಅವರಿಗೆಂದೇ ಬೇರೆ ಅಡಿಗೆ ಮಾಡಿದ್ದಳು. ಭಾವ ‘ನೋ, ನೋ’ ಅಂದರು. ಅಜ್ಜಿ ನಂಬಿಬಿಟ್ಟಳು! ಊಟ ಮುಗಿದ ಮೇಲೆ ಆ ತಟ್ಟೆಯನ್ನು ನಾಯಿಯ ಮುಂದಿಟ್ಟಳು. ನಾಯಿ ಯಾವ ಉಪಚಾರವನ್ನೂ ನಿರೀಕ್ಷಿಸಲಿಲ್ಲ. ಭಾವ ಕೊನೆಯ ತುತ್ತಿನವರೆಗೂ ಅದನ್ನೇ ನೋಡುತ್ತ ಕೂತಿದ್ದರು, ನಾನು ಮೇಜಿನ ಬಟ್ಟೆಯ ಹೂಗಳನ್ನು ನೋಡುತ್ತ ಕೂತಿದ್ದೆ.

ಇನ್ನೊಮ್ಮೆ ಡಲ್ಲಾಸಿಗೆ ಬಂದಿದ್ದರು. ನಾನಿರುವುದು ಅಲ್ಲೇ ರಿಚರ್ಡ್‌ಸನ್‌ನಲ್ಲಿ. ಉರಿಬಿಸಿಲಲ್ಲಿ ಟ್ರೇನ್ ಇಳಿದು ಹೊರಗೆ ಬಂದರೆ ನನ್ನ ಬಾಸ್ ಕಾರು ನಿಲ್ಲಿಸಿ, ಮನೆಗೆ ಬಿಡಲೇ ಎಂದ. ನಾನು ಬಾಗಿಲಿಗೆ ಕೈ ಹಾಕಿದ್ದೆ. ಭಾವ, ‘ಪರವಾಗಿಲ್ಲ, ನಡೆದೇ ಹೋಗ್ತೀವಿ’ ಎಂದರು. ಬಾಸ್ ‘ಒಳ್ಳೆಯ ವ್ಯಾಯಾಮ’ ಎಂದು ಹೊರಟೇ ಹೋದ. ಅವರ ಸೂಟ್‌ಕೇಸ್ ಎಳೆದುಕೊಂಡು ನಾನು ಬೆವರುತ್ತಿದ್ದರೆ ಭಾವ, ‘ಎಂಥಾ ಮನುಷ್ಯನೋ ಅವನು, ಇನ್ನೊಂದು ಮಾತು ಕೇಳಬಾರದಾ’ ಎಂದರು.

ಇಂಥವರಿಗೆ ಹೋದ ವರ್ಷ ಕಂಪನಿಯವರು ಆಸ್ಟಿನ್ ವಿಭಾಗ ಮುಚ್ಚುತ್ತೇವೆ, ಹ್ಯೂಸ್ಟನ್ನಿನಲ್ಲಿ ಎನರ್ಜಿ ಕಾರಿಡಾರ್ ಅನ್ನುವ ಕಡೆ ಇರುವ ಆಫೀಸಿಗೆ ಶಿಫ್ಟ್ ಆಗಿ ಎಂದರು. ಕೆಲಸ ಬೇರೆ, ಸಂಬಳ ಕಡಿಮೆ, ಮೇಲಧಿಕಾರಿ ಇವರೇ ಕೆಲಸ ಕಲಿಸಿದ ಹುಡುಗ. ಭಾವ ಒಲ್ಲೆ ಅಂದರು. ಅದೇ ವಾರ ಕೆಲಸ ಹೋಯಿತು.

ಯಾಕೆ ಒಲ್ಲೆ ಅಂದಿರಿ ಅಂತ ಕೇಳಿದವರಿಗೆಲ್ಲ ಒಂದೊಂದು ಉತ್ತರ. ಹ್ಯೂಸ್ಟನ್ನಿನ ಸೆಕೆಗೆ ಉಪ್ಪಿನಕಾಯಿ ಬೂಸಲು ಬರುತ್ತದೆಯಂತೆ. ಮಳೆ ಬಂದರೆ ಕಾರು ತೇಲುತ್ತದೆಯಂತೆ. ಕನ್ನಡದವರ ಪಿಕ್‌ನಿಕ್‌ನಲ್ಲಿ ಒಬ್ಬ ಅಂಕಲ್ ಎಲ್ಲರೆದುರು, ‘ಏನಪ್ಪಾ, ನಿಮ್ಮ ಭಾವ ಉಪ್ಪಿನಕಾಯಿಗೋಸ್ಕರ ಕೆಲಸ ಬಿಟ್ರಂತೆ?’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಭಾವ ನನ್ನ ಹಿಂದೆಯೇ ತಟ್ಟೆ ಹಿಡಿದು ನಿಂತಿದ್ದರು.

ಸರ್ಕಾರ ಕೊಡುವ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿ ಅಂದರೆ ಅದಕ್ಕೂ ‘ಬೇಡ’. ಮನೆಯ ಕಂತು ಕಟ್ಟುವುದು ಹೇಗೆ ಎಂದು ಅಕ್ಕ ಪಟ್ಟು ಹಿಡಿದ ಮೇಲೆ ಹಾಕಿದರು. ‘ಕೊಟ್ಟ ಕೆಲಸ ಬೇಡವೆಂದವರಿಗೆ ಭತ್ಯೆಯಿಲ್ಲ’ ಎಂದು ಉತ್ತರ ಬಂತು. ಮೇಲ್ಮನವಿ ಹಾಕಿದೆವು. ಅದರ ವಿಚಾರಣೆ ಫೋನಿನಲ್ಲೇ. ಆ ದಿನ ನಾನು ಫ್ಲೂಗರ್‌ವಿಲ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಭಾವನಿಗೆ ಪಾಠ ಹೇಳಿಕೊಟ್ಟೆ.

‘ಭಾವ, ಕೆಲಸ ಬೇರೆ, ಸಂಬಳ ಕಡಿಮೆ, ಊರು ದೂರ. ಅದಕ್ಕೇ ಒಪ್ಪಲಿಲ್ಲ ಅನ್ನಿ. ಅಂಥಾ ಕಾರಣ ಇದ್ರೆ ಭತ್ಯೆ ಸಿಗಬಹುದು. ಉಪ್ಪಿನಕಾಯಿ ಸುದ್ದಿ ಎತ್ತಬೇಡಿ.’

‘ಆಯ್ತು ಕಣೋ’ ಎಂದರು. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡಿದ್ದರು, ಫೋನಿಗೆ!

ಫೋನನ್ನು ಸ್ಪೀಕರಿನಲ್ಲಿ ಹಾಕಿದೆವು. ವಿಚಾರಣೆ ಮಾಡುವ ಅಧಿಕಾರಿ ಹೆಂಗಸು. ಕಂಪನಿಯ ಕಡೆಯ ಹುಡುಗಿಯೂ ಲೈನಿನಲ್ಲಿದ್ದಳು. ‘ನಾವು ಕೇಳಿದೆವು, ಅವರು ನಗುನಗುತ್ತಲೇ ಬೇಡ ಅಂದರು, ಅವರ ನಿರ್ಧಾರವನ್ನು ಗೌರವಿಸಿದೆವು’ ಎಂದಳು. ಭಾವ ಪಾಠವನ್ನು ಚೆನ್ನಾಗಿಯೇ ಒಪ್ಪಿಸಿದರು. ನಾನು ಉಸಿರು ಬಿಟ್ಟೆ. ಆಗ ಅಧಿಕಾರಿ, ‘ಅವರು ಮತ್ತೊಮ್ಮೆ ಕೇಳಿದ್ದರೂ ಬೇಡವೆನ್ನುತ್ತಿದ್ದಿರಾ?’ ಎಂದಳು.

ಹೌದು ಅನ್ನಿ ಎಂದು ನಾನು ಜೋರಾಗಿ ತಲೆಯಾಡಿಸಿದೆ. ಭಾವ ನನ್ನ ಕಡೆ ನೋಡಲಿಲ್ಲ.

‘ಇಲ್ಲ, ಮೇಡಂ. ಹೋಗ್ತಿದ್ದೆ’ ಎಂದರು. ‘ಇಷ್ಟು ವರ್ಷ ಕೆಲಸ ಮಾಡಿದವನು. ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡಿದ್ದೆ.’

ಆಮೇಲೆ ಅಧಿಕಾರಿ ಮೆತ್ತಗೆ, ತೀರ್ಪು ತಿಳಿಸುತ್ತೇವೆ ಎಂದು ಫೋನಿಟ್ಟಳು. ಅದು ಇನ್ನೂ ಬಂದಿಲ್ಲ. ಸಂಬಳ, ದೂರ ನಿಜವಾದ ಕಾರಣವಲ್ಲ ಅಂತ ಅವರೇ ಒಪ್ಪಿಕೊಂಡ ಮೇಲೆ ಭತ್ಯೆ ಕೈತಪ್ಪಿದ ಹಾಗೆಯೇ ಅಂತ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪಿಕ್‌ನಿಕ್‌ನಲ್ಲಿ ನಕ್ಕದ್ದು ನೆನಪಾಗಿ ಬಹಳ ನಾಚಿಕೆಯಾಯಿತು.

ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಅವರ ಪಕ್ಕದಲ್ಲಿ ಕೂತಳು.

‘ನನ್ನ ಹತ್ರಾನೂ ಸೆಕೆ, ಮಳೆ ಅಂತಲೇ ಹೇಳಿದ್ರಲ್ರೀ’ ಎಂದಳು. ‘ನನಗಾದ್ರೂ ಹೇಳಬಾರದಿತ್ತಾ?’

ಭಾವ ಷರ್ಟಿನ ಗುಂಡಿಯನ್ನು ತಿರುವಿದರು.

‘ಅವರಿಗೆ ನಾನು ಬೇಕಾಗಿರಲಿಲ್ಲ ಅಂತ ನಿನಗೆ ಹೇಗೆ ಹೇಳ್ಲಿ?’ ಎಂದರು.