ನನ್ನ ಬಾತ್‌ರೂಮ್ ಪ್ಲಾನೂ ಅತ್ತೆಯ ಹಂಡೆಯೂ

ನಮ್ಮ ಬಳಗದ ಯಾವ ಮದುವೆಗೆ ಹೋಗಲಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಯಾರಾದರೂ ಒಬ್ಬರು ನನ್ನ ಬಾತ್‌ರೂಮಿನ ಕಥೆ ತೆಗೆಯುತ್ತಾರೆ. ಸಾಲಿಗೆ ಸಾಲೇ ನಗುತ್ತದೆ. ಎದುರಿಗೇ ನಾನು ಕೂತಿದ್ದೇನೆ ಎಂಬ ಡೀಸೆನ್ಸಿಯೂ ಬೇಡವೇ? ಹೋಗಲಿ, ಹೇಳುವುದನ್ನಾದರೂ ಸರಿಯಾಗಿ ಹೇಳುತ್ತಾರೆಯೇ ಎಂದರೆ ಅದೂ ಇಲ್ಲ. ಹೋದ ಸಲ ಕೇಳಿದಾಗ ಕಥೆಯೊಳಗೆ ಒಂದು ಎಮ್ಮೆ ಸೇರಿಕೊಂಡಿತ್ತು. ಎಮ್ಮೆ ಇರಲಿಲ್ಲ. ಆದಕಾರಣ ಸಮಸ್ತ ಬಂಧುಬಳಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಪ್ಲಾನ್ ಸರಿಯಾಗಿಯೇ ಇತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಬೋರ್ಡಿಂಗ್ ಇದ್ದು ಓದಿದ ನಾನು ಕೊಡಿಗೇಹಳ್ಳಿಯ ದ್ರಾಕ್ಷಿ ತೋಟದ ಮನೆಗೆ ಸೊಸೆಯಾಗಿ ಬಂದಿದ್ದೆ. ಊರವರೆಲ್ಲ ನನ್ನನ್ನು ಕಾನ್ವೆಂಟಮ್ಮ ಅನ್ನುತ್ತಿದ್ದರು. ಗೌರವದಿಂದಲೇ ಅಂದುಕೊಂಡಿದ್ದೆ. ಬಾತ್‌ರೂಮ್ ಎಂದರೆ ಹೇಗಿರಬೇಕು ಎಂಬುದು ಆ ಊರಿಗೆಲ್ಲ ಗೊತ್ತಿದ್ದದ್ದು ನನ್ನೊಬ್ಬಳಿಗೇ. ಸಿಸ್ಟರ್‌ಗಳ ಬಾತ್‌ರೂಮಿನ ಬಿಳೀ ಟೈಲ್ಸು, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಮೊಳೆಗೆ ನೇತು ಹಾಕಿದ ಟವೆಲು, ಎಲ್ಲ ಕಣ್ಣಲ್ಲೇ ಇತ್ತು.

ನಮ್ಮ ಮನೆಯಲ್ಲಿದ್ದದ್ದು ಬಚ್ಚಲು. ಹೊಗೆ ಕುಡಿದು ಕಪ್ಪಾದ ಗೋಡೆ. ಮೂಲೆಯಲ್ಲಿ ಮಣ್ಣಿನ ಒಲೆ. ಒಲೆಯೊಳಗೆ ಕತ್ತಿನವರೆಗೂ ಹೂತಿಟ್ಟ ತಾಮ್ರದ ಹಂಡೆ. ಬಾಗಿಲಿಲ್ಲ, ಗೋಣಿತಾಟಿನ ಪರದೆ. ನಾನು ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದರೆ ಅತ್ತೆ ಪರದೆ ಸರಿಸಿಕೊಂಡು ಒಳಗೇ ಬಂದು, "ಸಾರಿಗೆ ಉಪ್ಪಾಕಿದ್ಯೇನವ್ವಾ?" ಎಂದು ಕೇಳುತ್ತಿದ್ದರು. ಪ್ರೈವಸಿ ಎಂಬ ಮಾತಿಗೆ ಆ ಮನೆಯಲ್ಲಿ ಅರ್ಥವೇ ಇರಲಿಲ್ಲ.

ಆ ವರ್ಷವೇ ನನ್ನ ನಾದಿನಿ ಜಯಮ್ಮನನ್ನು ಯಶವಂತಪುರಕ್ಕೆ ಕೊಟ್ಟಿದ್ದರು. ಆಷಾಢಕ್ಕೆ ತವರಿಗೆ ಬಂದವಳು ಒಂದು ಮಧ್ಯಾಹ್ನ ನನ್ನನ್ನು ಹಿತ್ತಿಲಿಗೆ ಕರೆದು ಗುಟ್ಟು ಹೇಳಿದಳು.

"ಅತ್ಗೆ, ಅವ್ರ ಮನೇಲಿ ನಲ್ಲಿ ಐತೆ, ಬಾಗ್ಲೈತೆ, ಒಳಗಡೆ ಚಿಲ್ಕ ಐತೆ. ನಾನು ಬಾಯಿ ತಪ್ಪಿ, ನಮ್ಮನೇಲೂ ಇಂಗೇ ಐತೆ ಅಂದ್ಬಿಟ್ಟಿವ್ನಿ. ಈಗ ಮೊದಲ್ನೇ ದೀಪಾವಳಿಗೆ ಅವ್ರು ಬರ್ತಾರೆ. ಎಣ್ಣೆಸ್ನಾನಕ್ಕೆ ಆ ಗೋಣಿತಾಟಿನ ಒಳಕ್ಕೆ ಎಂಗೆ ಕಳಿಸ್ಲಿ? ಆಡ್ಕೊಂಡು ನಗಲ್ವಾ?"

ಹುಡುಗಿಯ ಕಣ್ಣಲ್ಲಿ ನೀರು. "ಡೋಂಟ್ ವರಿ ಜಯಾ," ಎಂದೆ. "ದೀಪಾವಳಿಯೊಳಗೆ ನಿನ್ನ ಗಂಡ ಚಿಲಕ ಹಾಕಿಕೊಂಡು ಸ್ನಾನ ಮಾಡುವ ಹಾಗೆ ಮಾಡ್ತೀನಿ."

ಬಚ್ಚಲ ಪಕ್ಕದಲ್ಲಿ ಸೌದೆ ಒಟ್ಟುವ ಪುಟ್ಟ ಕೋಣೆಯಿತ್ತು. ಅದನ್ನೇ ಬಾತ್‌ರೂಮ್ ಮಾಡುವುದೆಂದು ತೀರ್ಮಾನಿಸಿದೆ. ಸೌದೆಯೆಲ್ಲ ಅಂಗಳಕ್ಕೆ ಬಿತ್ತು. ಮೊದಲು ಲೇಔಟ್ ಆಗಬೇಕು, ಆಮೇಲೆ ಗಾರೆ. ಹಳ್ಳಿಯವರು ಮೊದಲು ಗೋಡೆ ಕಟ್ಟಿ ಆಮೇಲೆ ಯೋಚನೆ ಮಾಡುತ್ತಾರೆ; ನಾನು ಹಾಗಲ್ಲ. ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಬಾತ್‌ರೂಮನ್ನು ಅದರ ನಿಜವಾದ ಅಳತೆಯಲ್ಲೇ ಬರೆದೆ. ಇಲ್ಲಿ ಮಣೆ, ಇಲ್ಲಿ ಬಕೆಟ್ಟು, ಇಲ್ಲಿ ವಾಶ್‌ಬೇಸಿನ್ನು, ಇಲ್ಲಿ ಒಣಗಿದ ಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳುವ ಜಾಗ. ನಲ್ಲಿಗೂ ಒಂದು ಜಾಗ ಗುರುತು ಮಾಡಿದೆ. ಊರಿಗೇ ನಲ್ಲಿ ಬಂದಿರಲಿಲ್ಲ, ಬಂದಾಗ ಜಾಗ ಹುಡುಕುವಂತಾಗಬಾರದು ನೋಡಿ. ಆಮೇಲೆ ತೋಟದಿಂದ ಬಂದ ಯಜಮಾನರನ್ನು ಕರೆದೆ.

"ರೀ, ಚಪ್ಪಲಿ ಬಿಟ್ಟು ಇಲ್ಲಿ ಕೂತ್ಕೊಳ್ಳಿ. ಇದು ಮಣೆ."

"ಇದು ನೆಲ ಕಣೇ."

"ಮಣೆ ಅಂತ ಇಮ್ಯಾಜಿನ್ ಮಾಡ್ಕೊಳ್ಳಿ. ಚೊಂಬು ತಗೊಳ್ಳಿ. ಈಗ ಸ್ನಾನ ಮಾಡಿ."

"ನೀರು?"

"ಅದನ್ನೂ ಇಮ್ಯಾಜಿನ್ ಮಾಡ್ಕೊಳ್ಳಿ. ಮೊಣಕೈ ಗೋಡೆಗೆ ತಾಗುತ್ತಾ ಅಂತ ನೋಡ್ಬೇಕು. ಎತ್ತಿ, ಇನ್ನೂ ಮೇಲೆ. ಬೆನ್ನಿಗೆ ಹಾಕ್ಕೊಳ್ಳಿ. ಬಲಗಡೆ ತಿರುಗಿ."

ಪಾಪ, ತಿರುಗಿದರು. ಖಾಲಿ ಚೊಂಬನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದ ಆ ಗಳಿಗೆಗೇ ಪಕ್ಕದ ಮನೆ ಚೌಡಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದು ಹೊಸಿಲಲ್ಲಿ ನಿಂತುಬಿಟ್ಟಳು.

"ಗೌಡ್ರಿಗೇನಾತಕ್ಕಾ?" ಎಂದು ಅತ್ತೆಯನ್ನು ಮೆಲ್ಲಗೆ ಕೇಳಿದಳು.

"ಏನೂ ಆಗಿಲ್ಲ ಓಗು," ಎಂದರು ಅತ್ತೆ. "ನನ್ ಸೊಸೆ ಸ್ನಾನ ಮಾಡಿಸ್ತಾವ್ಳೆ."

ಚೌಡಮ್ಮ ಮಜ್ಜಿಗೆಯನ್ನೂ ಮರೆತು ಹೋದಳು. ಸಂಜೆಯೊಳಗೆ ಊರೆಲ್ಲ ಸುದ್ದಿ: ಗೌಡರಿಗೆ ಗಾಳಿ ಸೋಕಿದೆ, ಕಾನ್ವೆಂಟಮ್ಮ ಮಂಡಲ ಬರೆದು ಕೂರಿಸಿ ಇಳಿಸುತ್ತಿದ್ದಾಳೆ. ಮೂರ್ನಾಲ್ಕು ಜನ ಅವರನ್ನು ನೋಡಿಕೊಂಡು ಹೋಗಲು ನಿಂಬೆಹಣ್ಣು ಹಿಡಿದುಕೊಂಡು ಬಂದರು. ಇಂಥ ಜನರ ಮಧ್ಯೆ ಹೈಜೀನ್ ಬೆಳೆಯುವುದು ಹೇಗೆ?

ಅತ್ತೆ ಮಾತ್ರ ಗೆರೆಗಳ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂದರು. "ಎಲ್ಲಾ ಚೆಂದಾಗೈತೆ. ಅಂಡೆ ಎಲ್ಲಿಕ್ತೀಯವ್ವಾ?"

"ಹಂಡೆ ಇಲ್ಲ ಅತ್ತೆ. ಅಡುಗೆಮನೆಯಲ್ಲಿ ಸ್ಟೌವಿನ ಮೇಲೆ ನೀರು ಕಾಯಿಸಿ ಬಕೆಟ್ಟಿಗೆ ಹಾಕೋದು."

"ನೀರು ತುಂಬೋ ಹಬ್ಬಕ್ಕೆ ಆಗಲ್ ಬಳ್ಳಿ ಯಾತಕ್ಕೆ ಸುತ್ತೋದು? ಬಕೀಟಿಗಾ?"

ದೀಪಾವಳಿಯ ಮುಂಚಿನ ಸಂಜೆ ನಮ್ಮ ಕಡೆ ಹಂಡೆಯೇ ದೇವರು. ಹುಣಸೆಹಣ್ಣಿನಲ್ಲಿ ತಿಕ್ಕಿ, ಸುಣ್ಣದ ಪಟ್ಟೆ ಬಳಿದು, ಕತ್ತಿಗೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿಸಿ ಪೂಜೆ ಮಾಡುತ್ತಾರೆ. ಮಾರನೆಯ ಬೆಳಿಗ್ಗೆ ಆ ನೀರಿನಲ್ಲೇ ಎಲ್ಲರಿಗೂ ಎಣ್ಣೆಸ್ನಾನ. ಇರಲಿ, ದೊಡ್ಡವರು ಎಂದು ನಾನು ಕಾಂಪ್ರೊಮೈಸ್ ಮಾಡಿಕೊಂಡೆ. ಟೇಪು ತೆಗೆದುಕೊಂಡು ಬಚ್ಚಲಿಗೆ ಹೋಗಿ, ಹಂಡೆಯ ಬಾಯಿಯನ್ನು ಈ ಅಂಚಿನಿಂದ ಆ ಅಂಚಿಗೆ ಶ್ರದ್ಧೆಯಿಂದ ಅಳೆದೆ. ಬಂದು ಸೀಮೆಸುಣ್ಣಕ್ಕೆ ದಾರ ಕಟ್ಟಿ, ಜಾಮೆಟ್ರಿಯಲ್ಲಿ ಕಲಿತ ಹಾಗೆ ಒಂದು ಪರ್ಫೆಕ್ಟ್ ಸರ್ಕಲ್ ಎಳೆದೆ. ಮೂಲೆಯಲ್ಲಿ ಸೊಗಸಾಗಿ ಕೂತಿತು. ಆದರೆ ಅದಕ್ಕೆ ಜಾಗ ಬಿಟ್ಟು ವಾಶ್‌ಬೇಸಿನ್ನನ್ನು ಈಚೆ ಸರಿಸಿದ ಮೇಲೆ, ಬಾಗಿಲು ತೆರೆದರೆ ಬೇಸಿನ್ನಿಗೆ ಬಡಿಯುತ್ತಿತ್ತು. ಸುಲಭ! ಬಾಗಿಲನ್ನು ಸಣ್ಣದು ಮಾಡಿದೆ.

ಮೇಸ್ತ್ರಿ ಮುನಿಯಪ್ಪ ಚೌಕಟ್ಟು ನಿಲ್ಲಿಸುವಾಗ ಕೇಳಿದ, "ಅಮ್ಮಾವ್ರೇ, ಬಾಗ್ಲು ಇಷ್ಟೇನಾ?"

"ಇಷ್ಟೇ. ಬಾತ್‌ರೂಮಿಗೆ ಹೋಗೋದು ಒಬ್ಬರು. ಮೆರವಣಿಗೆ ಹೋಗ್ತಾರೇನಪ್ಪಾ?"

ಟೈಲ್ಸು ಬಂತು, ಬೇಸಿನ್ನು ಬಂತು, ಒಳಗಿನ ಚಿಲಕ ಬಂತು. ಮೂಲೆಯಲ್ಲಿ ನನ್ನ ಸರ್ಕಲ್ಲಿನ ಅಳತೆಗೆ ಹೊಸ ಒಲೆ ಎದ್ದಿತು. ನಾನು ದಿನಾ ಒಳಗೆ ಹೋಗಿ ಚಿಲಕ ಹಾಕಿಕೊಂಡು ಸುಮ್ಮನೆ ನಿಂತು ಬರುತ್ತಿದ್ದೆ. ಹಂಡೆಯನ್ನು ಹಬ್ಬದ ದಿನವೇ ಕದಲಿಸಬೇಕು, ಅಲ್ಲಿಯವರೆಗೆ ಮನೆಮಂದಿಗೆಲ್ಲ ಬಿಸಿನೀರು ಬೇಕಲ್ಲ ಎಂದು ಅತ್ತೆ ಅಪ್ಪಣೆ ಮಾಡಿದ್ದರು. ಮುನಿಯಪ್ಪ ಕೆಲಸ ಮುಗಿಸಿ ಹಬ್ಬಕ್ಕೆಂದು ಚಿಕ್ಕಜಾಲಕ್ಕೆ ಹೊರಟುಹೋದ.

ನೀರು ತುಂಬುವ ಹಬ್ಬದ ಬೆಳಿಗ್ಗೆ ಯಜಮಾನರೂ ತೋಟದ ಆಳುಗಳೂ ಹಳೆಯ ಒಲೆ ಒಡೆದರು. ಮಣ್ಣು ಉದುರಿತು. ಹಂಡೆಯ ಕತ್ತಿನ ಕೆಳಗೆ ಭುಜ ಕಾಣಿಸಿತು. ಇನ್ನಷ್ಟು ಉದುರಿತು. ಭುಜದ ಕೆಳಗೆ ಹೊಟ್ಟೆ ಕಾಣಿಸಿತು. ಮಣ್ಣು ಉದುರಿದಷ್ಟೂ ಹಂಡೆ ದೊಡ್ಡದಾಗುತ್ತಾ ಹೋಯಿತು. ಕೊನೆಗೆ ಈಚೆ ಎಳೆದು ನಿಲ್ಲಿಸಿದಾಗ ಯಾರೋ ತುಂಬಿದ ಬಸುರಿ ಬಚ್ಚಲಿನಿಂದ ಎದ್ದು ಬಂದ ಹಾಗಿತ್ತು.

ಬಾಯಿ ಅಳೆದರೆ ಹೊಟ್ಟೆ ತಿಳಿಯುವುದಿಲ್ಲ ಎಂದು ಜಾಮೆಟ್ರಿಯಲ್ಲಿ ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ. ಇದು ನನ್ನ ತಪ್ಪೇ?

"ಅತ್ತೆ, ಇದು ಇಷ್ಟು ದೊಡ್ಡದು ಅಂತ ನೀವಾದರೂ ಹೇಳಬಾರದಿತ್ತಾ?"

"ನನ್ಗೇನವ್ವಾ ಗೊತ್ತು? ನಾನು ಮದ್ವೆಯಾಗಿ ಬರೋ ಒತ್ಗೇ ಅದು ಒಲೆಯೊಳಗೆ ಕುಂತಿತ್ತು. ನೀನು ಟೇಪಾಕಿ ಅಳೆದ್ಯಲ್ಲ, ನಿನ್ಗೇ ಗೊತ್ತಾಗಿರ್ತದೆ ಅನ್ಕೊಂಡೆ."

ಹಂಡೆಯನ್ನು ಹೊಸ ಬಾಗಿಲಿಗೆ ನೇರವಾಗಿ ಹಿಡಿದರು. ಓರೆ ಹಿಡಿದರು. ಮಲಗಿಸಿ ಉರುಳಿಸಿದರು. ಅದು ಚೌಕಟ್ಟಿನಲ್ಲಿ ಕುತ್ತಿಗೆ ತೂರಿಸಿ, ಟೈಲ್ಸನ್ನೆಲ್ಲ ಒಮ್ಮೆ ನೋಡಿ, ಅಲ್ಲೇ ನಿಂತಿತು.

"ಗೋಡೆ ಒಡೀದೆ ಆಗಲ್ಲ," ಎಂದರು ಯಜಮಾನರು.

"ಅಳಿಯ ಬಸ್ಸಿಳಿಯೋ ಒತ್ನಾಗೆ ನನ್ ಮನೆ ಗೋಡೆ ಒಡೀತೀಯಾ? ಮುಟ್ಟಿದ್ರೆ ನೋಡು!" ಎಂದರು ಅತ್ತೆ.

ಹೀಗಾಗಿ ಹೊಸ ಬಾತ್‌ರೂಮಿಗೆ ಹಂಡೆ ಇಲ್ಲ, ಹಳೇ ಬಚ್ಚಲಿಗೆ ಒಲೆ ಇಲ್ಲ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಹಂಡೆ ಕೂರಿಸಿದರು. ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತಿ, ಸಂಜೆ ನೀರು ತುಂಬಿಸಿ ಪೂಜೆಯೂ ಆಯಿತು. ಅಷ್ಟರಲ್ಲಿ ಗಂಡನ ಜೊತೆ ಬಂದಿಳಿದಿದ್ದ ಜಯಮ್ಮ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಜಯಾ, ಐ ಆಮ್ ಸಾರಿ," ಎಂದೆ.

"ಓಗ್ಲಿ ಬಿಡತ್ಗೆ," ಎಂದಳು ಮೂಗು ಒರೆಸಿಕೊಂಡು. "ಮೊದ್ಲು ಗೋಣಿತಾಟಾದ್ರೂ ಇತ್ತು."

ಮಾರನೆಯ ಬೆಳಿಗ್ಗೆ ಜಿನುಗು ಮಳೆ. ನಾನು ಅಂಗಳಕ್ಕೆ ಹಾಕಿಸಿದ್ದ ಸೌದೆ ನೆಂದು ತೊಪ್ಪೆಯಾಗಿ ಬರೀ ಹೊಗೆ ಕಾರುತ್ತಿತ್ತು. ಅಳಿಯಂದಿರು ಟವೆಲು ಸುತ್ತಿಕೊಂಡು ಈಚೆ ಬಂದರು. ಹೊಸ ಬಾತ್‌ರೂಮಿನ ಮುಂದೆ ನಿಂತರು. ಇಕ್ಕಟ್ಟಾದ ಬಾಗಿಲು, ಹೊಸಿಲಿಗೆ ನಾನೇ ಬಿಟ್ಟ ರಂಗೋಲಿ, ಒಳಗೆ ಬೆಳ್ಳಗೆ ಹೊಳೆಯುವ ಗೋಡೆ. ಅಳಿಯಂದಿರು ಭಕ್ತಿಯಿಂದ ಕೈಮುಗಿದು, "ದೇವರಮನೆ ಚೆನ್ನಾಗಿ ಕಟ್ಸಿದ್ದೀರಿ ಅಕ್ಕಾ," ಎಂದು ಮುಂದಕ್ಕೆ ಹೋದರು. ನಾನೂ ಕೈಮುಗಿದೆ.

ಆಮೇಲೆ ನಡೆದದ್ದು ಮೆರವಣಿಗೆಯೇ. ಮುಂದೆ ಎಣ್ಣೆ ಬಟ್ಟಲು ಹಿಡಿದ ಅತ್ತೆ, ಅವರ ಹಿಂದೆ ಸೀಗೆಪುಡಿಯ ಚೌಡಮ್ಮ, ಆರತಿ ತಟ್ಟೆಯ ಹೆಂಗಸರು. ಯಜಮಾನರು ಛತ್ರಿ ಹಿಡಿದಿದ್ದರು, ಅಳಿಯನಿಗಲ್ಲ, ಒಲೆಗೆ. ಅಳಿಯಂದಿರು ಮಣೆಯ ಮೇಲೆ ಕೂತರು. ಒಬ್ಬರು ತಲೆಗೆ ಎಣ್ಣೆ ಒತ್ತಿದರು, ಒಬ್ಬರು ಬೆನ್ನು ತಿಕ್ಕಿದರು, ಚೌಡಮ್ಮ ಚೊಂಬಿನ ಮೇಲೆ ಚೊಂಬು ಹುಯ್ದಳು. ನನ್ನ ಪ್ಲಾನಿನಲ್ಲಿ ಇಷ್ಟು ಮೊಣಕೈಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಳಿಯಂದಿರು ಸೀಗೆ ಕಣ್ಣಿಗೆ ಹೋಗದಂತೆ ಒಂದೇ ಕಣ್ಣು ತೆರೆದು ಕಂಬದ ಮರೆಯಲ್ಲಿದ್ದ ಜಯಮ್ಮನನ್ನು ಕೇಳಿದರು. "ಏನಮ್ಮಾ, ನಿಮ್ಮನೇಲೂ ನಮ್ಮನೆ ಥರಾನೇ ಐತೆ ಅಂದಿದ್ಯಲ್ಲ?"

ಚೌಡಮ್ಮನ ಚೊಂಬು ಅರ್ಧಕ್ಕೇ ನಿಂತಿತು. ಜಯಮ್ಮ ಸೆರಗು ಬಾಯಿಗೆ ಹಿಡಿದಳು.

"ಎಲ್ಲೈತೆ ಆ ಥರ? ನಮ್ಮನೆ ನಲ್ಲೀಲಿ ಬರೋ ನೀರು ಸೊಂಟದ ಗಂಟ ನೆನೆಯೋಕೂ ಸಾಲಲ್ಲ. ಇನ್ನೊಂದ್ ಚೊಂಬು ಉಯ್ಯಿ ಚೌಡಮ್ಮ."

ಜಯಮ್ಮ ನಕ್ಕಳು. ಅತ್ತೆ ನಕ್ಕರು. ಛತ್ರಿ ಅಲುಗುವಷ್ಟು ನಗುತ್ತಿದ್ದವರು ನನ್ನ ಗಂಡ. ಸಂತೋಷವೇ. ಆದರೆ ಬಿಳೀ ಟೈಲ್ಸಿನ ಒಳಗೆ ಯಾರೊಬ್ಬರೂ ಕಾಲಿಡಲಿಲ್ಲ. ಆಮೇಲೆ ಪ್ರತಿ ದೀಪಾವಳಿಗೂ ಅಳಿಯಂದಿರು ಅಂಗಳದಲ್ಲೇ ಕೂರುತ್ತೇನೆಂದು ಹಟ ಹಿಡಿದರು. ಹಂಡೆ ಅಂಗಳದಲ್ಲೇ ಉಳಿಯಿತು. ಮಳೆಗೆ ಸೌದೆ ನೆನೆಯುತ್ತದೆಂದು ಅತ್ತೆ ಅದನ್ನೆಲ್ಲ ನನ್ನ ಬಾತ್‌ರೂಮಿಗೆ ಒಟ್ಟಿಸಿದರು. ಬೇಸಿನ್ನಿನ ತುಂಬ ಸೀಗೇಕಾಯಿ. ಬಂದವರಿಗೆಲ್ಲ ತೋರಿಸಿ, "ನನ್ ಸೊಸೆ ಪಿಲಾನು. ಒಂದ್ ಕಡ್ಡೀನೂ ನೆನೆಯಲ್ಲ," ಎಂದು ಹೊಗಳುತ್ತಿದ್ದರು. ಸೌದೆ ಕೋಣೆ ಸೌದೆ ಕೋಣೆಯೇ ಆಗಲು ನಾನು ಅಷ್ಟೆಲ್ಲ ಸೀಮೆಸುಣ್ಣ ತೇಯ್ದೆ.

ಅತ್ತೆ ಇಲ್ಲ, ಯಜಮಾನರಿಲ್ಲ. ಹಂಡೆ ಈಗ ನನ್ನ ಜಗುಲಿಯಲ್ಲಿದೆ. ಮೊನ್ನೆ ಮೊಮ್ಮಗಳು ಕೆಂಪಾಪುರದ ತನ್ನ ಫ್ಲಾಟಿಗೆ ಕರೆದುಕೊಂಡು ಹೋಗಿ, ಬಾತ್‌ರೂಮ್ ಒಡೆಸಿ ಹೊಸದಾಗಿ ಮಾಡಿಸುವ ಲೇಔಟನ್ನು ಫೋನಿನಲ್ಲಿ ತೋರಿಸಿದಳು. ವೆರಿ ನೈಸ್ ಅನ್ನೋಣ ಎಂದೇ ಬಾಯಿ ತೆರೆದೆ.

"ಹಂಡೆ ಎಲ್ಲಿಡ್ತೀಯ ಮರೀ?" ಅಂದುಬಿಟ್ಟೆ.

"ಅಜ್ಜೀ, ನಿಮಗೆ ಲೇಔಟ್ ಎಲ್ಲ ಅರ್ಥ ಆಗಲ್ಲ," ಎಂದು ನಕ್ಕು ಕಾಫಿ ಮಾಡಲು ಹೋದಳು. ಅರ್ಥವಾಗುವುದಿಲ್ಲವಂತೆ, ನನಗೆ! ಅವಳು ಆಚೆ ಹೋದದ್ದೇ ತಡ, ಎದ್ದು ಅವಳ ಬಾತ್‌ರೂಮಿನ ಬಾಗಿಲನ್ನು ಗೇಣು ಹಾಕಿ ಅಳೆದು ನೋಡಿದೆ. ಹಂಡೆ ಹಿಡಿಸುವುದಿಲ್ಲ.