ತಮ್ಮಯ್ಯನ ಟ್ರ್ಯಾಕ್ಟರು ಏರಿ ಹತ್ತಿದ್ದು

ನೀರು ಮಾರುವ ತಮ್ಮಯ್ಯನ ಟ್ರ್ಯಾಕ್ಟರು ದಿನಾ ಬೆಳಿಗ್ಗೆ ಶಿವರಾಮುವಿನ ಗೇಟಿನ ಮುಂದೆಯೇ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಪೋರೂರು ಕೆರೆಯ ಏರಿಗೆ ಹೋಗುವ ಆ ಬೀದಿ ಕಡಿದಾಗುವುದು ಅಲ್ಲಿಂದಲೇ. ಹೊಸೂರಿನ ಹೊಲಗಳಲ್ಲಿ ಉತ್ತು ಸವೆದ ಒಂಟಿ ಸಿಲಿಂಡರಿನ ಮುದಿ ಎಂಜಿನ್ನು ಅದು, ಬೆನ್ನಿಗೆ ತುಂಬಿದ ನೀರಿನ ಟ್ಯಾಂಕರು ಬೇರೆ. ಕೆರೆ ಒಣಗಿ, ಚೆನ್ನೈನ ನಲ್ಲಿಗಳಲ್ಲಿ ಬರೀ ಗಾಳಿ ಬರುತ್ತಿದ್ದ ಆ ಬೇಸಗೆಯಲ್ಲಿ ಬೀದಿಗೆಲ್ಲ ಅದೇ ಗತಿ.

ಟ್ಯಾಂಕರು ಯಾರ ಬಾಗಿಲಲ್ಲಿ ನಿಂತು ಕೆಸರು ಮಾಡುತ್ತದೋ ಅವರಿಗೆ ಮೊದಲ ಸರದಿ ಎನ್ನುವುದು ಬೀದಿಯ ಕಟ್ಟಳೆ. ಹಾಗಾಗಿ ಶಿವರಾಮುವಿನ ತಾಯಿ ಸಾಕಮ್ಮನ ತಾಮ್ರದ ಹಂಡೆ ತುಂಬಿದ ಮೇಲೆಯೇ ಉಳಿದವರ ಕೊಡಗಳು ಮುಂದೆ ಸರಿಯುತ್ತಿದ್ದವು. ಬೀದಿಯ ತುತ್ತತುದಿಯ ಮನೆಯಿಂದ ವಿಷ್ಣುತೀರ್ಥರೂ ಕೊಡ ಹಿಡಿದು ಇಳಿದು ಬರಬೇಕಿತ್ತು. ಬ್ಯಾಂಕಿನಿಂದ ನಿವೃತ್ತರಾದ ಅವರದು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮನೆತನ. ಮನೆಮಾತು ಕನ್ನಡವೇ ಆದರೂ ಕಾವೇರಿಯ ಮಾತು ಬಂದಾಗ ಅವರು ಪೂರ್ತಿ ತಮಿಳರಾಗಿಬಿಡುತ್ತಿದ್ದರು.

"ನಿಮ್ಮ ಕರ್ನಾಟಕದೋರ್ದು ಎಲ್ಲಿ ಹೋದ್ರೂ ಇದೇ ಕಥೆ ಸ್ವಾಮಿ," ಎನ್ನುತ್ತಿದ್ದರು ದಿನಾ. "ಅಲ್ಲಿ ಕಾವೇರಿ ಮೊದ್ಲು ನಿಮಗೆ, ಇಲ್ಲಿ ಟ್ಯಾಂಕರೂ ಮೊದ್ಲು ನಿಮಗೆ. ನಾವು ಪಾವಂ, ಮಿಕ್ಕಿದ್ದನ್ನ ತಗೊಂಡು ಹೋಗ್ಬೇಕು."

ಮಂಡ್ಯದ ಶಿವರಾಮುವಿಗೆ ಈ ಮಾತು ನಿಜಕ್ಕೂ ನೋಯುತ್ತಿತ್ತು. ಅವನು ಕೆಲಸಕ್ಕಿದ್ದ ಅಂಬತ್ತೂರಿನ ಯಂತ್ರದ ಕಾರ್ಖಾನೆಯಲ್ಲೂ ಊಟದ ಹೊತ್ತಿಗೆ ಇದೇ ಪಾಠ. ಜಲಾಶಯದ ಬೀಗದ ಕೈ ತನ್ನ ಜೇಬಿನಲ್ಲಿದೆಯೇನೋ ಎಂಬಂತೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಒಂದು ಸಲ, ಒಂದೇ ಒಂದು ಸಲ, ಮಂಡ್ಯದವನೊಬ್ಬ ಮೇಲಿನ ಮನೆಗಳಿಗೆ ನೀರು ಮುಟ್ಟಿಸಿದ ಎಂದು ಈ ಜನ ಒಪ್ಪಬೇಕು ಎಂದು ಅವನು ಹಟ ಹಿಡಿದ.

"ಪಿಸ್ಟನ್ ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡೋ ದಾರಿ ಇದ್ಯಲ್ಲ ತಮ್ಮಯ್ಯ, ಅದೇ ಸ್ಟ್ರೋಕು," ಎಂದು ವಿವರಿಸಿದ. "ಆ ದಾರಿ ಉದ್ದ ಮಾಡುದ್ರೆ ಎಂಜಿನ್ ಕಸುವು ಜಾಸ್ತಿ ಆಯ್ತದೆ. ನಾನ್ ಮಾಡಿಕೊಡ್ತೀನಿ."

"ಮಾಡಿ ಸಾರ್," ಎಂದ ತಮ್ಮಯ್ಯ. "ಕೆಟ್ರೆ ಮಾತ್ರ ಬೀದಿಗೆ ನೀವೇ ಜವಾಬು ಹೇಳ್ಬೇಕು."

ಪಿಸ್ಟನ್ನನ್ನು ಆಡಿಸುವ ಕ್ರ್ಯಾಂಕನ್ನು ಅಂಬತ್ತೂರಿಗೆ ಒಯ್ದು, ಬೆಸುಗೆ ತುಂಬಿಸಿ, ಅದರ ಪಿನ್ನು ನಡುವಿನಿಂದ ತುಸು ಆಚೆಗೆ ಸರಿಯುವಂತೆ ಹೊಸದಾಗಿ ಸಾಣೆ ಹಿಡಿಸಿ ತಂದದ್ದಾಯಿತು. ಭಾನುವಾರ ಬೆಳಿಗ್ಗೆ ಶಿವರಾಮುವಿನ ಗೇಟಿನ ಮುಂದೆಯೇ ಎಂಜಿನ್ನು ಜೋಡಣೆಯಾಯಿತು. ಹಿಂದೆ ಟ್ಯಾಂಕರು ತುಂಬಿ ನಿಂತಿತ್ತು. ಆದರೆ ಟ್ರ್ಯಾಕ್ಟರು ಏರಿ ಹತ್ತುವವರೆಗೆ ಯಾರೂ ಪೈಪು ಮುಟ್ಟಕೂಡದೆಂದು ಶಿವರಾಮುವೇ ತಡೆದಿದ್ದ, ಪರೀಕ್ಷೆ ಪೂರ್ತಿ ಭಾರದ ಮೇಲೆಯೇ ಆಗಬೇಕಂತೆ.

ತಮ್ಮಯ್ಯ ಹ್ಯಾಂಡಲ್ ಹಾಕಿ ತಿರುಗಿಸಿದ. ಅರ್ಧ ಸುತ್ತು ತಿರುಗಿ ಟಕ್ ಎಂದು ನಿಂತಿತು.

"ಚಕ್ರಕ್ಕೆ ನಿಂಬೆಹಣ್ಣು ಇಟ್ರಾ?" ಎಂದರು ವಿಷ್ಣುತೀರ್ಥರು.

ನಿಂಬೆಹಣ್ಣು ಇಟ್ಟರು. ಮತ್ತೆ ಟಕ್. ರಾಹುಕಾಲ ಕಳೆಯಲಿ ಎಂದರು ಒಬ್ಬರು. ಹರಳೆಣ್ಣೆ ಬಿಡಿ ಎಂದರು ಇನ್ನೊಬ್ಬರು. ಶಿವರಾಮುವಿಗೆ ಮಾತ್ರ ಅಷ್ಟರಲ್ಲಿ ತನ್ನ ತಪ್ಪು ಹೊಳೆದಿತ್ತು. ದಾರಿ ಉದ್ದವಾದರೆ ಪಿಸ್ಟನ್ ಕೆಳಗೆ ಇಳಿಯುವುದಷ್ಟೇ ಅಲ್ಲ, ಮೇಲೂ ಅಷ್ಟೇ ಏರುತ್ತದೆ. ಅದು ಹೋಗಿ ಸಿಲಿಂಡರಿನ ಮುಚ್ಚಳಕ್ಕೆ ತಲೆ ಚಚ್ಚಿಕೊಳ್ಳುತ್ತಿತ್ತು.

"ಮುಚ್ಚಳದ ಅಡಿಗೆ ದಪ್ಪಗಿರೋ ತಾಮ್ರದ ತಗಡು ಕೊಟ್ಟು ಎತ್ತರಿಸ್ಬೇಕು," ಎಂದ.

"ಭಾನುವಾರ ಯಾವ ಅಂಗಡಿ ಸಾರ್ ತೆಗ್ದಿರುತ್ತೆ?" ಎಂದ ತಮ್ಮಯ್ಯ.

ಶಿವರಾಮುವಿನ ಕಣ್ಣು ಮೆಲ್ಲಗೆ ಮನೆಯ ಒಳಗಡೆ ಹೊರಳಿತು. ಸಾಕಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅವನು ಹಂಡೆಯ ತಳದಲ್ಲಿ ಉಳಿದಿದ್ದ ನೀರನ್ನು ಟ್ರ್ಯಾಕ್ಟರಿನ ರೇಡಿಯೇಟರಿಗೆ ಸುರಿದು, ಹಂಡೆಯನ್ನು ಬೋರಲು ಹಾಕಿ, ಉಳಿ ಇಟ್ಟು ಹೊಡೆದೇಬಿಟ್ಟ. ಸದ್ದು ಕೇಳಿ ಸಾಕಮ್ಮ ಓಡಿ ಬರುವ ಹೊತ್ತಿಗೆ ತಳ ಬೇರೆ, ಹಂಡೆ ಬೇರೆ ಆಗಿತ್ತು.

"ಅಯ್ಯೋ ನಮ್ಮವ್ವ ಕೊಟ್ಟಿದ್ದ ಹಂಡೆ ಕಣ್ಲಾ. ನಿಂಗೇನ್ ಬಂದಿತ್ತು?"

"ಇನ್ಮ್ಯಾಕೆ ಯಾರೂ ನಮ್ಮನ್ನ ಆಡ್ಕಳಲ್ಲ ಸುಮ್ಕಿರವ್ವ," ಎಂದು ಅವನು ತಳದ ತಗಡನ್ನು ಅಳತೆಗೆ ಕತ್ತರಿಸತೊಡಗಿದ.

ಮಧ್ಯಾಹ್ನದ ಬಿಸಿಲೇರುವ ಹೊತ್ತಿಗೆ ಎಂಜಿನ್ನು ಚಾಲೂ ಆಯಿತು. ಹಿಂದೆ ಕೆಮ್ಮುತ್ತಿದ್ದದ್ದು ಈಗ ಗುಡುಗಿತು, ಕಿಟಕಿಯ ಗಾಜುಗಳು ಅದುರಿದವು. ತಮ್ಮಯ್ಯ ಗೇರು ಹಾಕಿದ. ಟ್ರ್ಯಾಕ್ಟರು ಶಿವರಾಮುವಿನ ಗೇಟನ್ನು ಹಿಂದೆ ಹಾಕಿ, ಮುಗ್ಗರಿಸದೆ, ನಿಲ್ಲದೆ, ಏರು ಹತ್ತಿ ಬೀದಿಯ ತುದಿಗೆ ಹೋಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ವಿಷ್ಣುತೀರ್ಥರು ಶಿವರಾಮುವಿನ ಎಣ್ಣೆಗೈಯನ್ನೇ ಹಿಡಿದು ಕುಲುಕಿ, ಕೊಡ ಅಲ್ಲೇ ಬಿಟ್ಟು ತಮ್ಮ ಮನೆಯತ್ತ ಓಡಿದರು. ಶಿವರಾಮುವಿಗೆ ಎದೆ ತುಂಬಿ ಬಂತು.

ಕೈ ತೊಳೆಯಲು ಒಳಗೆ ಹೋದರೆ ನೀರಿರಲಿಲ್ಲ. ಟ್ಯಾಂಕರು ಹೇಗೂ ಈ ದಾರಿಯಲ್ಲೇ ಇಳಿಯಬೇಕಲ್ಲ ಎಂದು ಗೇಟಿನ ಬಳಿ ಎರಡು ಬಕೀಟು ಇಟ್ಟುಕೊಂಡು ಕುಳಿತ. ಸ್ವಲ್ಪ ಹೊತ್ತಿಗೆ ಅದು ಡಬಡಬ ಸದ್ದು ಮಾಡುತ್ತಾ ಇಳಿದು ಬಂತು. ಆ ಸದ್ದು ತುಂಬಿದ ಟ್ಯಾಂಕರಿನದಲ್ಲ.

"ಖಾಲಿ ಸಾರ್," ಎಂದ ತಮ್ಮಯ್ಯ. "ಮೇಲಿನ ಮನೆಗಳಲ್ಲಿ ನೆಲದಡಿ ತೊಟ್ಟಿ ಅದೆಯಲ್ಲ. ಪೈಪ್ ಬಿಟ್ಟು ತುಂಬಿಸ್ಕೊಂಡ್ರು. ಬಂಡಿ ನಿಂತ ಕಡೆ ಮೊದ್ಲ ಸರದಿ, ನಿಮ್ಮ ಬೀದಿ ಕಟ್ಟಳೇನೇ ಅಲ್ವಾ. ದಿನಾ ಅಲ್ಲಿಗೇ ಬಾ ಅಂದವ್ರೆ."

ಒಳಗಿನಿಂದ ಸಾಕಮ್ಮ ತಳವಿಲ್ಲದ ಹಂಡೆಯನ್ನು ತಂದು ಮಗನ ಮುಂದಿಟ್ಟು ಹೋದರು.

ಶಿವರಾಮು ಬಕೀಟು ಹಿಡಿದು ಏರು ಹತ್ತಿದ. ವಿಷ್ಣುತೀರ್ಥರು ತೊಟ್ಟಿಯ ಮುಚ್ಚಳದ ಮೇಲೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು.

"ಒಂದು ಬಕೀಟು ನೀರು ಬಿಡಿ ಸಾರ್. ಕೆಳಗೆ ಕುಡಿಯಾಕೂ ಇಲ್ಲ."

"ನಮಗೇ ಸಾಲುತ್ತೋ ಇಲ್ವೋ ನೋಡ್ಬೇಕು ಸ್ವಾಮಿ. ಮಿಕ್ಕಿದ್ರೆ ಖಂಡಿತ ಬಿಡ್ತೀವಿ. ಮಳೆ ಬರ್ಲಿ."

"ಮೇಲಿರೋರು ಹಿಂಗಂದ್ರೆ ಕೆಳಗಿರೋರ ಗತಿ ಏನು ಸಾರ್?"

ವಿಷ್ಣುತೀರ್ಥರು ಪೇಪರು ಮಡಚಿ, ಬಲು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಇಟ್ಟರು.

"ಏನ್ ಮಾಡೋದು ಶಿವರಾಮು," ಎಂದರು. "ಎಷ್ಟೇ ಆದ್ರೂ ನಾವೂ ಕನ್ನಡದೋರೇ ಅಲ್ವಾ."